ಆಟ ಮುಗಿಯುವ ಮೊದಲೇ ಶುರುವಾದ ಬದುಕು

ಫುಟ್‌ಬಾಲ್ ಆಟಗಾರರಿಗೆ 35 ಅಂದರೆ ಮುಪ್ಪು. ಉಳಿದವರಿಗೆ ಕೆಲಸದಲ್ಲೊಂದು ನೆಲೆ ಸಿಕ್ಕಿ, ಬಡ್ತಿಯ ಮಾತು ಕೇಳಿಬರುವ ವಯಸ್ಸಿನಲ್ಲಿ ಇವರು ಬೂಟು ಬಿಚ್ಚಿಡಬೇಕು. ಅದರಲ್ಲೂ ಮಿಡ್‌ಫೀಲ್ಡರ್‌ಗಳ ದೇಹ ಸವೆಯುವ ಪರಿಯೇ ಬೇರೆ. ರಕ್ಷಣೆಗೂ ಇಳಿಯಬೇಕು, ದಾಳಿಗೂ ಏರಬೇಕು. ಇಂದಿನ ವೃತ್ತಿಪರ ಪಂದ್ಯವೊಂದರಲ್ಲಿ ಅವರು ಓಡುವ ದೂರ ಸಾಮಾನ್ಯವಾಗಿ 10ರಿಂದ 12 ಕಿಲೊಮೀಟರ್. ಹದಿನೈದಿಪ್ಪತ್ತು ವರ್ಷ ಹೀಗೆ ಓಡಿದ ಮೇಲೆ ಮಂಡಿ, ಕಣಕಾಲು, ಸೊಂಟ ಒಂದೊಂದಾಗಿ ತಕರಾರು ತೆಗೆಯುತ್ತವೆ. ಆಮೇಲೂ ಬಾಳುವುದಕ್ಕೆ ಉಳಿದಿರುವುದು ಆಡಿದ್ದಕ್ಕಿಂತ ಎರಡು ಪಟ್ಟು ವರ್ಷ.

ಆ ವರ್ಷಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ನಿವೃತ್ತಿಯ ದಿನ ಧುತ್ತೆಂದು ಎದುರಿಗೆ ನಿಂತರೆ ಉತ್ತರ ಹೊಳೆಯುವುದಿಲ್ಲ. ಕೆಲವರು ತರಬೇತುದಾರರಾಗುತ್ತಾರೆ, ಕೆಲವರು ಟಿ.ವಿ.ಯಲ್ಲಿ ವಿಶ್ಲೇಷಣೆ ಮಾಡುತ್ತಾರೆ. ಹೆಚ್ಚಿನವರು ಹೆಸರಿಲ್ಲದೆ ಕರಗಿಹೋಗುತ್ತಾರೆ. ಈ ಪ್ರಶ್ನೆಯನ್ನು ಆಡುವ ಕಾಲದಲ್ಲೇ ಗಂಭೀರವಾಗಿ ತೆಗೆದುಕೊಂಡ ಒಬ್ಬ ಮಿಡ್‌ಫೀಲ್ಡರ್ ಇದ್ದರು. ಬ್ರೆಜಿಲ್‌ನ 1982ರ ವಿಶ್ವಕಪ್ ತಂಡದ ನಾಯಕ, ವೈದ್ಯ, ಮಿಲಿಟರಿ ಸರ್ವಾಧಿಕಾರಕ್ಕೆ ಎದುರು ನಿಂತ ನಾಗರಿಕ ಸಾಕ್ರಟೀಸ್. ಅವರ ಬದುಕಿನಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆಟಗಾರನ ಎರಡನೆಯ ಬದುಕು ಅವನು ಆಡುತ್ತಿರುವಾಗಲೇ ಶುರುವಾಗಿರುತ್ತದೆ. ಆಗ ಕಲಿತ ವಿದ್ಯೆ ಜೊತೆಗೆ ಬರುತ್ತದೆ, ಆಗ ಅಂಟಿಸಿಕೊಂಡ ಚಟವೂ ಬರುತ್ತದೆ.

ಪುಸ್ತಕಗಳ ಮನೆ

ಸಾಕ್ರಟೀಸ್ ಹುಟ್ಟಿದ್ದು 1954ರ ಫೆಬ್ರುವರಿ 19ರಂದು, ಅಮೆಜಾನ್ ಸೀಮೆಯ ಬೆಲೆಂ ನಗರದಲ್ಲಿ. ತಂದೆ ರೈಮುಂಡೊ ಬಡತನದಲ್ಲಿ ಬೆಳೆದವರು. ಶಾಲೆಯಲ್ಲಿ ಕಲಿತದ್ದಕ್ಕಿಂತ ತಾವೇ ಓದಿಕೊಂಡದ್ದು ಹೆಚ್ಚು, ಆ ಓದಿನ ಬಲದಿಂದಲೇ ಸರ್ಕಾರಿ ನೌಕರಿ ಹಿಡಿದರು. ಗ್ರೀಕ್ ಗ್ರಂಥಗಳ ಮೇಲೆ ಅವರಿಗೆಷ್ಟು ಒಲವಿತ್ತೆಂದರೆ ಮೂವರು ಗಂಡುಮಕ್ಕಳಿಗೆ ಸಾಕ್ರಟೀಸ್, ಸೊಸ್ತೆನೆಸ್, ಸೊಫೊಕ್ಲಿಸ್ ಎಂದೇ ಹೆಸರಿಟ್ಟರು. ಕುಟುಂಬ ಮುಂದೆ ಸಾವೊ ಪಾಲೊ ರಾಜ್ಯದ ರಿಬೇರಾವ್ ಪ್ರೆಟೊದಲ್ಲಿ ನೆಲೆಸಿತು.

1964ರಲ್ಲಿ ಬ್ರೆಜಿಲ್‌ನ ಚುನಾಯಿತ ಸರ್ಕಾರವನ್ನು ಸೇನೆ ಉರುಳಿಸಿತು. ಸಾಕ್ರಟೀಸ್‌ಗೆ ಆಗ ಹತ್ತು ವರ್ಷ. ಮನೆಯಲ್ಲಿದ್ದ ಕೆಲವು ಪುಸ್ತಕಗಳು ಸಿಕ್ಕಿಬಿದ್ದರೆ ಜೈಲು ಗ್ಯಾರಂಟಿ ಎಂಬ ಭಯದಲ್ಲಿ, ಪುಸ್ತಕಕ್ಕಾಗಿಯೇ ಬದುಕಿದ್ದ ತಂದೆ ತಮ್ಮ ಕೈಯಾರೆ ಅವನ್ನು ಸುಟ್ಟರು. ಮಗ ನೋಡುತ್ತಾ ನಿಂತಿದ್ದ. ತಮ್ಮ ರಾಜಕೀಯ ಪ್ರಜ್ಞೆ ಮೊಳೆತದ್ದು ಆ ದೃಶ್ಯದಿಂದ ಎಂದು ಸಾಕ್ರಟೀಸ್ ಮುಂದೆ ಹೇಳಿಕೊಂಡರು.

ಕಾಲಿಗೆ ಚೆಂಡು ಒಲಿದಿತ್ತು. ಆದರೂ ಓದು ಬಿಡುವ ಮಾತು ಆ ಮನೆಯಲ್ಲಿ ಬರುವಂತಿರಲಿಲ್ಲ. ಸಾವೊ ಪಾಲೊ ವಿಶ್ವವಿದ್ಯಾಲಯದ ರಿಬೇರಾವ್ ಪ್ರೆಟೊ ವೈದ್ಯಕೀಯ ಕಾಲೇಜಿಗೆ ಸೇರಿದರು. ಅದೇ ಊರಿನ ಬೊಟಾಫೊಗೊ ಕ್ಲಬ್ಬಿಗೆ 1974ರಿಂದ ವೃತ್ತಿಪರ ಆಟಗಾರರಾಗಿ ಆಡತೊಡಗಿದರು. ತರಗತಿ, ವಾರ್ಡು ಇದ್ದ ದಿನ ಅಭ್ಯಾಸಕ್ಕೆ ಗೈರು, ಪಂದ್ಯದ ದಿನ ಹಾಜರು. ದೊಡ್ಡ ಕ್ಲಬ್ಬುಗಳ ಕಣ್ಣು ಬಿದ್ದರೂ ಪದವಿ ಕೈಗೆ ಬರುವವರೆಗೆ ಊರು ಬಿಡಲಿಲ್ಲ. 1977ರಲ್ಲಿ ವೈದ್ಯರಾದರು. ಸಾವೊ ಪಾಲೊ ನಗರದ ಕೊರಿಂಥಿಯನ್ಸ್ ಸೇರಿದ್ದು ಆಮೇಲೆ, 1978ರಲ್ಲಿ. ಅಂದಿನಿಂದ ಬ್ರೆಜಿಲ್ ಅವರನ್ನು ಕರೆದದ್ದು ‘ಡಾಕ್ಟರ್’ ಎಂದೇ.

ಹಿಮ್ಮಡಿಯ ಆಟ

ಮಿಡ್‌ಫೀಲ್ಡರ್‌ನ ಕೆಲಸ ಚೆಂಡು ಕಾಲಿಗೆ ಬರುವ ಮೊದಲೇ ಮುಗಿದಿರಬೇಕು ಎನ್ನುತ್ತಾರೆ ಆಟ ಬಲ್ಲವರು. ಬೆನ್ನ ಹಿಂದೆ ಯಾರಿದ್ದಾರೆ, ಎಡಗಡೆ ಓಡುತ್ತಿರುವ ಸಂಗಾತಿ ಮುಂದಿನ ಕ್ಷಣಕ್ಕೆ ಎಲ್ಲಿರುತ್ತಾನೆ, ಎದುರಾಳಿಗಳ ನಡುವೆ ಎಲ್ಲಿ ಸಂದು ತೆರೆದುಕೊಳ್ಳುತ್ತಿದೆ, ಇದೆಲ್ಲ ಮೊದಲೇ ತಲೆಯಲ್ಲಿರಬೇಕು. ಚೆಂಡು ಬಂದ ಮೇಲೆ ಯೋಚಿಸುವವನ ಕಾಲಿನಿಂದ ಅದನ್ನು ಕಸಿದುಕೊಂಡು ಹೋಗಿರುತ್ತಾರೆ.

ಸಾಕ್ರಟೀಸ್ ಆರಡಿ ಮೂರಂಗುಲ ಮೀರಿದ, ತೆಳ್ಳನೆಯ ಆಳು. ಎತ್ತರಕ್ಕೆ ಹೋಲಿಸಿದರೆ ಪಾದ ಚಿಕ್ಕದು. ಅಂಥ ಮೈಕಟ್ಟಿನವರು ಗಕ್ಕನೆ ತಿರುಗುವುದು ಕಷ್ಟ, ತಿರುಗುವಷ್ಟರಲ್ಲಿ ಎದುರಾಳಿ ಮೈಮೇಲೆ ಬಿದ್ದಿರುತ್ತಾನೆ. ಅದಕ್ಕವರು ಕಂಡುಕೊಂಡ ಉಪಾಯ, ತಿರುಗದೇ ಆಡುವುದು. ಮುಖ ಒಂದು ದಿಕ್ಕಿಗಿದ್ದರೆ ಹಿಮ್ಮಡಿಯಿಂದ ಚೆಂಡನ್ನು ಇನ್ನೊಂದು ದಿಕ್ಕಿಗೆ ಕಳಿಸುತ್ತಿದ್ದರು. ಬೇರೆಯವರು ಚಪ್ಪಾಳೆಗೆಂದು ಎಂದೋ ಒಮ್ಮೆ ಮಾಡುತ್ತಿದ್ದ ಹಿಮ್ಮಡಿ ಪಾಸು ಅವರಿಗೆ ದಿನನಿತ್ಯದ ಸಲಕರಣೆಯಾಯಿತು. ಓಟದಲ್ಲಿ ವೇಗವಿರಲಿಲ್ಲ, ವೇಗವೆಲ್ಲ ಯೋಚನೆಯಲ್ಲಿತ್ತು. ಮಿಡ್‌ಫೀಲ್ಡರ್ ಆಗಿದ್ದೂ ಕೊರಿಂಥಿಯನ್ಸ್‌ಗಾಗಿ ಆಡಿದ ಸುಮಾರು 300 ಪಂದ್ಯಗಳಲ್ಲಿ 172 ಗೋಲು ಹೊಡೆದರು. ಬ್ರೆಜಿಲ್ ಪರ 60 ಪಂದ್ಯ, 22 ಗೋಲು. 1983ರಲ್ಲಿ ದಕ್ಷಿಣ ಅಮೆರಿಕದ ವರ್ಷದ ಆಟಗಾರ ಎನಿಸಿಕೊಂಡರು.

ಮತ ಹಾಕುವ ತಂಡ

ಆ ಕಾಲದ ಬ್ರೆಜಿಲ್ ಫುಟ್‌ಬಾಲ್‌ನಲ್ಲಿ ಆಟಗಾರ ಹೇಳಿದ್ದನ್ನು ಕೇಳಿಕೊಂಡು ಬಿದ್ದಿರಬೇಕಾದ ಜೀವ. ಪಂದ್ಯಕ್ಕೆ ಮುನ್ನ ಇಡೀ ತಂಡವನ್ನು ಹೋಟೆಲಿನಲ್ಲೋ ಶಿಬಿರದಲ್ಲೋ ಕೂಡಿಹಾಕುತ್ತಿದ್ದರು. ಹೆಂಡತಿ ಮಕ್ಕಳ ಜೊತೆ ಮನೆಯಲ್ಲಿ ಮಲಗಿದರೆ ಶಿಸ್ತು ಕೆಡುತ್ತದೆ ಎಂಬ ನಂಬಿಕೆ. ಯಾವಾಗ ಏಳಬೇಕು, ಏನು ತಿನ್ನಬೇಕು, ಯಾರೊಡನೆ ಮಾತಾಡಬೇಕು ಎಲ್ಲವೂ ಮೇಲಿನವರ ತೀರ್ಮಾನ. ಹದಿನೆಂಟರಿಂದ ಮೂವತ್ತೈದರವರೆಗೆ ಒಂದೂ ನಿರ್ಧಾರ ತೆಗೆದುಕೊಳ್ಳದೆ ಬೆಳೆದವನನ್ನು ನಿವೃತ್ತಿಯ ದಿನ ಬೀದಿಗೆ ಬಿಟ್ಟರೆ ಅವನು ಏನು ಮಾಡಬೇಕು? ಈ ವ್ಯವಸ್ಥೆ ವಯಸ್ಕರನ್ನು ಮಕ್ಕಳಾಗಿಯೇ ಇರಿಸುತ್ತದೆ ಎನ್ನುವುದು ಸಾಕ್ರಟೀಸ್ ಅವರ ತಕರಾರಾಗಿತ್ತು.

1981ರಲ್ಲಿ ಕೊರಿಂಥಿಯನ್ಸ್ ಹೀನಾಯವಾಗಿ ಆಡಿತು. ಆಡಳಿತ ಬದಲಾಗಿ, ಸಮಾಜಶಾಸ್ತ್ರ ಓದಿದ ಅಡಿಲ್ಸನ್ ಮೊಂಟೇರೊ ಆಲ್ವೆಸ್ ಫುಟ್‌ಬಾಲ್ ನಿರ್ದೇಶಕರಾಗಿ ಬಂದರು. ಅವರು ಆಜ್ಞೆ ಹೊರಡಿಸುವ ಬದಲು ಆಟಗಾರರ ಮಾತು ಕೇಳಿದರು. ಸಾಕ್ರಟೀಸ್, ಎಡಬದಿಯ ರಕ್ಷಣೆಗಾರ ವ್ಲಾಡಿಮಿರ್, ಇನ್ನೂ ಹದಿಹರೆಯದ ಮುನ್ನಡೆ ಆಟಗಾರ ಕಾಸಾಗ್ರಾಂಡೆ ಮುಂದಾಳುಗಳಾದರು. ‘ಕೊರಿಂಥಿಯನ್ ಪ್ರಜಾಪ್ರಭುತ್ವ’ ಹುಟ್ಟಿದ್ದು ಹೀಗೆ.

ನಿಯಮ ಸರಳ. ಒಬ್ಬರಿಗೆ ಒಂದು ಮತ. ತಂಡದ ನಾಯಕನ ಮತಕ್ಕೂ ಅಂಗಿ ಬೂಟು ಜೋಡಿಸಿಡುವ ಸಹಾಯಕನ ಮತಕ್ಕೂ ಒಂದೇ ತೂಕ. ಅಭ್ಯಾಸ ಎಷ್ಟು ಹೊತ್ತಿಗೆ, ಪಂದ್ಯದ ಹಿಂದಿನ ರಾತ್ರಿ ಹೋಟೆಲೋ ಮನೆಯೋ, ತಂಡಕ್ಕೆ ಯಾರನ್ನು ತೆಗೆದುಕೊಳ್ಳಬೇಕು, ಎಲ್ಲಕ್ಕೂ ಚರ್ಚೆ, ಆಮೇಲೆ ಮತ. ಗೋಲ್‌ಕೀಪರ್ ಲಿಯಾವೊ ಅವರಂಥವರಿಗೆ ಇದು ಹಿಡಿಸಲಿಲ್ಲ, ಆಟಗಾರನ ಕೆಲಸ ಆಡುವುದಷ್ಟೇ ಎಂದರು. ಅವರ ವಿರೋಧಕ್ಕೂ ಅಲ್ಲಿ ಜಾಗವಿತ್ತು. ತಂಡ ಶಿಸ್ತು ತಪ್ಪಿ ಹಾಳಾಗುತ್ತದೆ ಎಂದು ಭವಿಷ್ಯ ನುಡಿದವರಿದ್ದರು. ಕೊರಿಂಥಿಯನ್ಸ್ 1982 ಮತ್ತು 1983ರಲ್ಲಿ ಸತತವಾಗಿ ಸಾವೊ ಪಾಲೊ ರಾಜ್ಯ ಚಾಂಪಿಯನ್ ಆಯಿತು.

1982ರ ನವೆಂಬರ್ 15ಕ್ಕೆ ರಾಜ್ಯಪಾಲರ ಹುದ್ದೆಗಳಿಗೆ ಹಲವು ವರ್ಷಗಳ ನಂತರ ನೇರ ಚುನಾವಣೆ ನಿಗದಿಯಾಗಿತ್ತು. ಕೊರಿಂಥಿಯನ್ಸ್ ಆಟಗಾರರು ಬೆನ್ನ ಮೇಲೆ ‘15ರಂದು ಮತ ಹಾಕಿ’ ಎಂಬ ಬರಹವಿದ್ದ ಅಂಗಿ ತೊಟ್ಟು ಮೈದಾನಕ್ಕಿಳಿದರು. ಯಾವ ಪಕ್ಷದ ಹೆಸರೂ ಅದರಲ್ಲಿರಲಿಲ್ಲ. 1983ರ ಫೈನಲ್‌ಗೆ ಮುನ್ನ ಇನ್ನೊಂದು ಬ್ಯಾನರ್ ಹಿಡಿದು ಬಂದರು. ಗೆಲುವೋ ಸೋಲೋ, ಪ್ರಜಾಪ್ರಭುತ್ವ ಮಾತ್ರ ಸದಾ ಇರಲಿ ಎಂಬ ಸಂದೇಶ ಅದರಲ್ಲಿತ್ತು. ಪತ್ರಿಕೆಗಳ ಮೇಲೆ ಸೆನ್ಸಾರ್ ಕತ್ತರಿಯಾಡಿದ್ದ ದೇಶದಲ್ಲಿ ಲಕ್ಷಾಂತರ ಜನ ನೋಡುವ ಫುಟ್‌ಬಾಲ್ ಅಂಗಿಯೇ ಪತ್ರಿಕೆಯಾಯಿತು.

22 ಮತಗಳ ಸೋಲು

1984ರ ಹೊತ್ತಿಗೆ ರಾಷ್ಟ್ರಾಧ್ಯಕ್ಷರನ್ನೂ ಜನರೇ ಆರಿಸಬೇಕೆಂಬ ಚಳವಳಿ ದೇಶದ ತುಂಬ ಹಬ್ಬಿತ್ತು. ಇಟಲಿಯ ಫಿಯೊರೆಂಟಿನಾ ಕ್ಲಬ್ ದೊಡ್ಡ ಮೊತ್ತ ಹಿಡಿದು ಸಾಕ್ರಟೀಸ್ ಅವರನ್ನು ಕರೆಯುತ್ತಿತ್ತು. ಏಪ್ರಿಲ್‌ನಲ್ಲಿ ಸಾವೊ ಪಾಲೊದಲ್ಲಿ ಸೇರಿದ ಭಾರಿ ಸಭೆಯಲ್ಲಿ ಅವರು ವೇದಿಕೆಯಿಂದಲೇ ಮಾತು ಕೊಟ್ಟರು. ನೇರ ಚುನಾವಣೆಯ ತಿದ್ದುಪಡಿಗೆ ಸಂಸತ್ತು ಒಪ್ಪಿದರೆ ತಾವು ಇಟಲಿಗೆ ಹೋಗುವುದಿಲ್ಲ, ಇಲ್ಲೇ ಉಳಿಯುತ್ತೇವೆ ಎಂದರು. ಹಣಕ್ಕೆ ಬದಲಾಗಿ ಮತದ ಹಕ್ಕನ್ನು ತಕ್ಕಡಿಗಿಟ್ಟ ಆಟಗಾರ ಬೇರೊಬ್ಬರು ನೆನಪಾಗುವುದಿಲ್ಲ.

ಏಪ್ರಿಲ್ 25ರಂದು ತಿದ್ದುಪಡಿಯ ಪರ 298 ಮತ ಬಿದ್ದವು. ಬೇಕಿದ್ದ ಮೂರನೇ ಎರಡು ಬಹುಮತಕ್ಕೆ 22 ಕಡಿಮೆ. ಸಾಕ್ರಟೀಸ್ ಇಟಲಿಯ ವಿಮಾನ ಹತ್ತಿದರು. ಅಲ್ಲಿನ ಚಳಿಯೂ ಒಗ್ಗಲಿಲ್ಲ, ಕಠಿಣ ಕಸರತ್ತೂ ಒಗ್ಗಲಿಲ್ಲ. ಒಂದೇ ಋತುವಿಗೆ ಮರಳಿದರು. ಅವರು ಹೋದ ಮೇಲೆ ಕೊರಿಂಥಿಯನ್ಸ್‌ನ ಪ್ರಯೋಗವೂ ಕ್ರಮೇಣ ನಂದಿತು. ಬ್ರೆಜಿಲ್ ಜನ ಕೊನೆಗೂ ತಮ್ಮ ಅಧ್ಯಕ್ಷರನ್ನು ನೇರವಾಗಿ ಆರಿಸಿದ್ದು 1989ರಲ್ಲಿ. ಅದೇ ವರ್ಷ ಸಾಕ್ರಟೀಸ್ ನಿವೃತ್ತರಾದರು.

ಎರಡು ವಿಶ್ವಕಪ್

ನಮ್ಮ ದೇಶದ ಫುಟ್‌ಬಾಲ್ ಪ್ರಿಯರಿಗೆ ಅವರು ಪರಿಚಯವಾದದ್ದು ವಿಶ್ವಕಪ್‌ಗಳಿಂದ. 1982ರ ಸ್ಪೇನ್ ವಿಶ್ವಕಪ್‌ನಲ್ಲಿ ಟೆಲೆ ಸಂಟಾನಾ ತರಬೇತಿಯ ಬ್ರೆಜಿಲ್ ತಂಡದ ಮಧ್ಯಮೈದಾನದಲ್ಲಿ ಜಿಕೊ, ಫಾಲ್ಕಾವ್, ಸೆರೆಜೊ ಜೊತೆ ನಾಯಕ ಸಾಕ್ರಟೀಸ್. ಕಪ್ ಗೆಲ್ಲದ ತಂಡಗಳಲ್ಲಿ ಇಷ್ಟು ಪ್ರೀತಿ ಗಳಿಸಿದವು ತೀರಾ ಕಡಿಮೆ. ಸೋವಿಯತ್ ಒಕ್ಕೂಟದೆದುರು ಹಿಂದೆ ಬಿದ್ದಿದ್ದಾಗ ಇಬ್ಬರನ್ನು ತಪ್ಪಿಸಿ ದೂರದಿಂದ ಹೊಡೆದ ಸಾಕ್ರಟೀಸ್ ಅವರ ಗೋಲು ತಂಡವನ್ನು ಎತ್ತಿ ನಿಲ್ಲಿಸಿತು. ಜುಲೈ 5ರಂದು ಬಾರ್ಸಿಲೋನಾದಲ್ಲಿ ಇಟಲಿಯೆದುರು ಡ್ರಾ ಆಗಿದ್ದರೂ ಸೆಮಿಫೈನಲ್ ಸಿಗುತ್ತಿತ್ತು. ಹನ್ನೆರಡನೇ ನಿಮಿಷದಲ್ಲಿ ಜಿಕೊ ಸಂದಿನಲ್ಲಿ ತೂರಿಸಿದ ಚೆಂಡನ್ನು ಸಾಕ್ರಟೀಸ್ ಗೋಲ್‌ಕೀಪರ್ ಜೋಫ್ ಮತ್ತು ಹತ್ತಿರದ ಕಂಬದ ನಡುವೆ ದಾಟಿಸಿ 1–1 ಮಾಡಿದರು. ಆದರೆ ಪಾವ್ಲೊ ರೊಸ್ಸಿ ಹ್ಯಾಟ್ರಿಕ್ ಹೊಡೆದರು. ಪಂದ್ಯ 3–2ರಿಂದ ಇಟಲಿಯ ಪಾಲಾಯಿತು.

1986ರಲ್ಲಿ ಮೆಕ್ಸಿಕೊಗೆ ಬಂದಾಗ ಅವರಿಗೆ 32. ಹಿಂದಿನ ವರ್ಷವಷ್ಟೇ ಆ ದೇಶ ಭೂಕಂಪದಿಂದ ತತ್ತರಿಸಿತ್ತು. ಮೆಕ್ಸಿಕೊ ಇನ್ನೂ ಎದ್ದು ನಿಂತಿದೆ ಎಂದು ಬರೆದ ಬಿಳಿ ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು ಆಡಿದರು. ಪೋಲೆಂಡ್ ವಿರುದ್ಧ ಓಡಿಬರದೆ, ಹೆಚ್ಚುಕಡಿಮೆ ನಿಂತಲ್ಲಿಂದಲೇ ಪೆನಾಲ್ಟಿ ಹೊಡೆದು ಗೋಲು ಗಳಿಸಿದರು. ಫ್ರಾನ್ಸ್ ವಿರುದ್ಧದ ಕ್ವಾರ್ಟರ್‌ಫೈನಲ್ ಪೆನಾಲ್ಟಿ ಶೂಟೌಟ್‌ಗೆ ಹೋದಾಗಲೂ ಅದೇ ಧಾಟಿ. ಈ ಸಲ ಗೋಲ್‌ಕೀಪರ್ ಜೋಯೆಲ್ ಬಾಟ್ಸ್ ತಡೆದರು. ವಿಶ್ವಕಪ್‌ನಲ್ಲಿ ಸಾಕ್ರಟೀಸ್ ಅವರ ಕೊನೆಯ ಒದೆತ ಅದು.

ಬೂಟು ಬಿಚ್ಚಿದ ಮೇಲೆ

ಫ್ಲಮೆಂಗೊ, ಸ್ಯಾಂಟೋಸ್ ಕ್ಲಬ್ಬುಗಳಲ್ಲಿ ಆಡಿ, ಕೊನೆಗೆ ಊರಿನ ಬೊಟಾಫೊಗೊದಲ್ಲೇ 35ರ ವಯಸ್ಸಿನಲ್ಲಿ ಆಟ ಮುಗಿಸಿದರು. ಮಾರನೆಯ ದಿನದ ಪ್ರಶ್ನೆ ಅವರನ್ನು ಕಾಡಲಿಲ್ಲ, ಕೈಯಲ್ಲಿ ವೈದ್ಯಕೀಯ ಪದವಿ ಇತ್ತು. ರಿಬೇರಾವ್ ಪ್ರೆಟೊದಲ್ಲಿ ಕ್ರೀಡಾ ವೈದ್ಯರಾಗಿ ಕೆಲಸ ಮಾಡಿದರು. ಹದಿನೈದು ವರ್ಷ ಎದುರಾಳಿಗಳ ಒದೆ ತಿಂದ ಕಾಲಿನವರೇ ಗಾಯಗೊಂಡ ಕ್ರೀಡಾಳುಗಳ ಮಂಡಿ ಮುಟ್ಟಿ ನೋಡುವ ವೈದ್ಯರಾದರು.

ತರಬೇತುದಾರರ ಕುರ್ಚಿಯಲ್ಲೂ ಕುಳಿತರು. ಬೊಟಾಫೊಗೊ, ಈಕ್ವೆಡಾರ್‌ನ ಎಲ್‌ಡಿಯು ಕ್ಲಬ್ಬುಗಳಲ್ಲಿ ಆ ಕೆಲಸ ಹೆಚ್ಚು ದಿನ ನಿಲ್ಲಲಿಲ್ಲ. ಗಟ್ಟಿಯಾಗಿ ನಿಂತದ್ದು ಬರವಣಿಗೆ. ‘ಕಾರ್ಟಾ ಕ್ಯಾಪಿಟಲ್’ ವಾರಪತ್ರಿಕೆಯ ಅಂಕಣದಲ್ಲಿ ಫುಟ್‌ಬಾಲ್ ಜೊತೆಗೆ ರಾಜಕೀಯ, ಅರ್ಥವ್ಯವಸ್ಥೆಯ ಬಗ್ಗೆಯೂ ಬರೆದರು. ದೇಶದ ಫುಟ್‌ಬಾಲ್ ಆಡಳಿತಗಾರರನ್ನು ಮುಲಾಜಿಲ್ಲದೆ ಟೀಕಿಸಿದರು. ಆಟಗಾರರಿಗೆ ಶಿಕ್ಷಣ ಬೇಕೆಂಬುದು ಅವರ ನಿರಂತರ ಒತ್ತಾಯವಾಗಿತ್ತು. ಇಡೀ ದೇಶ ಕಿವಿಗೊಡುವ ಆಟಗಾರನಿಗೆ ಹೇಳಲು ಏನಾದರೂ ಇರಬೇಕು, ಅದಕ್ಕೆ ಅವನು ಓದಿರಬೇಕು ಎಂಬುದು ಅವರ ವಾದ.

ಆಟದ ಸೆಳೆತ ಮಾತ್ರ ಬಿಡಲಿಲ್ಲ. 2004ರ ನವೆಂಬರ್‌ನಲ್ಲಿ, 50ರ ವಯಸ್ಸಿನಲ್ಲಿ, ಇಂಗ್ಲೆಂಡಿನ ಕೆಳಹಂತದ ಲೀಗ್‌ನಲ್ಲಿದ್ದ ಗಾರ್‌ಫೋರ್ತ್ ಟೌನ್ ಎಂಬ ಪುಟ್ಟ ಕ್ಲಬ್ಬಿನ ಕರೆಗೆ ಓಗೊಟ್ಟು ಹೋದರು. ಯಾರ್ಕ್‌ಷೈರ್‌ನ ಚಳಿಯಲ್ಲಿ ಬದಲಿ ಆಟಗಾರನಾಗಿ ಕೆಲವೇ ನಿಮಿಷ ಮೈದಾನದಲ್ಲಿದ್ದರು. ವಿಶ್ವಕಪ್ ತಂಡದ ನಾಯಕನನ್ನು ಹತ್ತಿರದಿಂದ ನೋಡಲು ಆ ಊರಿನ ಜನ ನೆರೆದಿದ್ದರು.

ಜೊತೆಗೇ ಬಂದ ಚಟ

ಇಷ್ಟೇ ಹೇಳಿ ನಿಲ್ಲಿಸಿದರೆ ಸಾಕ್ರಟೀಸ್ ಅವರ ಕಥೆ ಅರ್ಧವಾಗುತ್ತದೆ. ಆಡುವ ಕಾಲದಿಂದಲೂ ಸಿಗರೇಟು ಸೇದುತ್ತಿದ್ದರು, ಬಿಯರ್ ಕುಡಿಯುತ್ತಿದ್ದರು. ಅದನ್ನು ಮುಚ್ಚಿಟ್ಟವರೂ ಅಲ್ಲ. ತಮ್ಮ ದೇಹದ ಮೇಲೆ ತಮಗೇ ಹಕ್ಕು ಎನ್ನುವುದು ಅವರ ನಿಲುವು. ಪ್ರತಿ ವಾರ ತೊಂಬತ್ತು ನಿಮಿಷ ಓಡುವ ದೇಹ ಅದನ್ನು ಒಂದಷ್ಟು ಕಾಲ ತಾಳಿಕೊಂಡಿತು. ಓಟ ನಿಂತಿತು, ಕುಡಿತ ನಿಲ್ಲಲಿಲ್ಲ.

ಕುಡಿತದಿಂದ ಯಕೃತ್ತು ಏನಾಗುತ್ತದೆ ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದ ವೈದ್ಯರಿಗೇ ಹೀಗಾಯಿತು. ಅರಿವು ಇದ್ದ ಮಾತ್ರಕ್ಕೆ ಚಟ ಬಿಡುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ನೋವಿನ ಸಾಕ್ಷ್ಯ ಬೇಡ. 2011ರ ಆಗಸ್ಟ್‌ನಲ್ಲಿ ಜಠರದ ರಕ್ತಸ್ರಾವದಿಂದ ತೀವ್ರ ನಿಗಾ ಘಟಕ ಸೇರಿದರು. ಹೊರಬಂದ ಮೇಲೆ ಕುಡಿತ ತಮ್ಮನ್ನು ಹಿಡಿದಿದ್ದನ್ನು ಬಹಿರಂಗವಾಗಿ ಒಪ್ಪಿಕೊಂಡರು. ಹಾಗೆ ಒಪ್ಪಿಕೊಳ್ಳುವುದಕ್ಕೆ ಮೈದಾನದ ಧೈರ್ಯಕ್ಕಿಂತ ದೊಡ್ಡ ಧೈರ್ಯ ಬೇಕು. ಆದರೆ ಕಾಲ ಮಿಂಚಿತ್ತು. ಡಿಸೆಂಬರ್ 4ರ ಭಾನುವಾರ ಬೆಳಗಿನ ಜಾವ, ಸೋಂಕು ರಕ್ತಕ್ಕೇರಿ ಸಾವೊ ಪಾಲೊದ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 57.

ಅಂದೇ ಸಂಜೆ ಕೊರಿಂಥಿಯನ್ಸ್‌ಗೆ ಪಾಲ್ಮೇರಾಸ್ ವಿರುದ್ಧ ರಾಷ್ಟ್ರೀಯ ಲೀಗ್‌ನ ನಿರ್ಣಾಯಕ ಪಂದ್ಯ. ಮೌನಾಚರಣೆಯ ವೇಳೆ ಆಟಗಾರರು, ಅಭಿಮಾನಿಗಳು ಬಲಗೈ ಮುಷ್ಟಿ ಮೇಲೆತ್ತಿ ನಿಂತರು. ಗೋಲು ಹೊಡೆದಾಗ ಸಾಕ್ರಟೀಸ್ ನಿಲ್ಲುತ್ತಿದ್ದುದು ಹಾಗೆಯೇ. ಪಂದ್ಯ 0–0 ಆಯಿತು, ಕೊರಿಂಥಿಯನ್ಸ್ ಬ್ರೆಜಿಲ್ ಚಾಂಪಿಯನ್ ಆಯಿತು.

ಅವರ ತಮ್ಮ ರಾಯಿ ಕೂಡ ಮಿಡ್‌ಫೀಲ್ಡರ್. 1994ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದವರು. 1998ರಲ್ಲಿ ಸಹ ಆಟಗಾರ ಲಿಯೊನಾರ್ಡೊ ಜೊತೆ ‘ಗೋಲ್ ಡಿ ಲೆಟ್ರಾ’ ಸಂಸ್ಥೆ ಕಟ್ಟಿ, ಬಡ ಮಕ್ಕಳ ಓದಿಗೆ ಬೆನ್ನಾಗಿ ನಿಂತರು. ಫುಟ್‌ಬಾಲ್‌ನ ಅತಿ ದೊಡ್ಡ ವೈಯಕ್ತಿಕ ಗೌರವವಾದ ಬ್ಯಾಲನ್ ಡಿ ಓರ್ ಸಮಾರಂಭದಲ್ಲಿ 2022ರಿಂದ ಸಮಾಜಸೇವೆಗಾಗಿ ಕೊಡುವ ಪ್ರಶಸ್ತಿಗೆ ಸಾಕ್ರಟೀಸ್ ಹೆಸರಿಟ್ಟಿದ್ದಾರೆ. ಮೊದಲ ಪುರಸ್ಕೃತ ಸೆನೆಗಲ್‌ನ ಸಾಡಿಯೊ ಮಾನೆ.

ನಮ್ಮ ಮೈದಾನಗಳಿಗೆ

ಬೆಂಗಳೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ. ಅಲ್ಲಿನ ಹುಡುಗರಿಗೆ ಬ್ರೆಜಿಲ್ ಆಟ ಅಂದರೆ ಪ್ರಾಣ. ಇದೇ ನಗರದಲ್ಲಿ ಹುಟ್ಟಿದ ಮಿಡ್‌ಫೀಲ್ಡರ್ ಕಾರ್ಲ್‌ಟನ್ ಚಾಪ್‌ಮನ್ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ, ಈಸ್ಟ್ ಬೆಂಗಾಲ್ ಪರ ಇರಾಕ್‌ನ ಅಲ್ ಜವ್ರಾ ಎದುರು 1993ರಲ್ಲಿ ಹ್ಯಾಟ್ರಿಕ್ ಹೊಡೆದರು. ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ ತಂಡದಲ್ಲಿದ್ದರು, ಭಾರತದ ನಾಯಕರಾದರು. 2001ರಲ್ಲಿ ಆಟ ನಿಲ್ಲಿಸಿದ ಮೇಲೆ ಜಮ್ಶೆಡ್‌ಪುರ, ಶಿಲ್ಲಾಂಗ್ ಎಂದು ಊರಿಂದೂರಿಗೆ ಹೋಗಿ ಎಳೆಯರನ್ನು ತಿದ್ದಿದರು. 2020ರ ಅಕ್ಟೋಬರ್ 12ರಂದು 49ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗಲಷ್ಟೇ ಅನೇಕ ಕನ್ನಡಿಗರಿಗೆ ಇಂಥವರೊಬ್ಬರು ನಮ್ಮೂರಿನವರು ಎಂದು ಗೊತ್ತಾಯಿತು.

ಇವತ್ತು ನಮ್ಮ ಊರುಗಳಲ್ಲೂ ಫುಟ್‌ಬಾಲ್ ಅಕಾಡೆಮಿಗಳು ಎದ್ದಿವೆ. ಹತ್ತನೇ ತರಗತಿಗೆ ಬಂದ ಹುಡುಗ ಹುಡುಗಿಯರ ಮುಂದೆ ಆಟವೋ ಓದೋ ಎಂಬ ಪ್ರಶ್ನೆ ಇಡುವವರು ಮನೆಯಲ್ಲೂ ಇದ್ದಾರೆ, ಮೈದಾನದಲ್ಲೂ ಇದ್ದಾರೆ. ಆ ಪ್ರಶ್ನೆಯೇ ತಪ್ಪು. ವೈದ್ಯಕೀಯ ಓದುತ್ತಲೇ ವಿಶ್ವದರ್ಜೆಯ ಮಿಡ್‌ಫೀಲ್ಡರ್ ಆಗಲು ಸಾಧ್ಯ ಎಂದು ಒಬ್ಬರು ತೋರಿಸಿಕೊಟ್ಟಿದ್ದಾರೆ. ಎಲ್ಲರೂ ವೈದ್ಯರಾಗಬೇಕಿಲ್ಲ. ಆದರೆ ಪ್ರತಿ ಕ್ಲಬ್ಬೂ ಆಟಗಾರರ ಪರೀಕ್ಷೆಯ ವೇಳಾಪಟ್ಟಿಯನ್ನು ಪಂದ್ಯದ ವೇಳಾಪಟ್ಟಿಯಷ್ಟೇ ಗೌರವದಿಂದ ನೋಡಲಿ. ತಂಡದ ತೀರ್ಮಾನಗಳಲ್ಲಿ ಎಳೆಯರಿಗೂ ಒಂದು ಮಾತು ಇರಲಿ. ಕುಡಿತ, ಗಾಯ, ಒಂಟಿತನದ ಬಗ್ಗೆ ಆಟ ನಡೆಯುತ್ತಿರುವಾಗಲೇ ಮಾತಾಡುವವರಿರಲಿ. ಅಪ್ಪ ಅಮ್ಮಂದಿರೇ, ಮಗುವಿನ ಬೂಟಿಗೆ ದುಡ್ಡು ಕೊಡುವಾಗ ಪುಸ್ತಕಕ್ಕೂ ಒಂದಿಷ್ಟು ತೆಗೆದಿಡಿ. ಬೂಟು ಕೆಲವು ವರ್ಷಕ್ಕೆ ಬೇಕು, ಓದು ಉಳಿದೆಲ್ಲ ವರ್ಷಕ್ಕೆ ಬೇಕು.